ದೀಪವಿಲ್ಲದ ಊರಿನ ಕೆರೆ

ನಕ್ಷೆ ಎಂದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಶಾಲೆಯ ಗೋಡೆಯ ಮೇಲೆ ತೂಗುತ್ತಿದ್ದ, ಅಂಚು ಹರಿದ ಭೂಪಟ. ಅದರ ಪಕ್ಕದಲ್ಲಿ ನಿಂತ ಮೇಷ್ಟರ ಕೈಯ ಬೆತ್ತ. ಗೋದಾವರಿಯನ್ನು ತೋರಿಸಲು ಹೋಗಿ ಮಹಾನದಿಯ ಮೇಲೆ ಬೆರಳಿಟ್ಟು ಪೆಟ್ಟು ತಿಂದವರಿಗೆ ನಕ್ಷೆಯ ಮೇಲೆ ಪ್ರೀತಿ ಹುಟ್ಟದಿದ್ದರೆ ಆಶ್ಚರ್ಯವಿಲ್ಲ. ಆದರೆ ನಾನಿಂದು ಹೇಳಹೊರಟಿರುವುದು ಆ ಜಾತಿಯ ನಕ್ಷೆಯ ವಿಷಯವಲ್ಲ. ಒಂದು ತಾಲ್ಲೂಕಿನಷ್ಟು ನೆಲವನ್ನು ಅದರ ಹಳ್ಳ ದಿಣ್ಣೆ, ಕೆರೆ ಬಾವಿ, ಗುಡಿ ತೋಪು, ಗಾಡಿದಾರಿ ಕಾಲುದಾರಿಗಳೊಡನೆ ಒಂದೇ ಹಾಳೆಯಲ್ಲಿ ಹಿಡಿದಿಟ್ಟಿರುವ ಹಳೆಯ ಸ್ಥಳವಿವರ ನಕ್ಷೆಯೊಂದರ ವಿಷಯ ಇದು. 'ಟೋಪೋಶೀಟು' ಎಂಬ ಹೆಸರಿನಿಂದ ಇಂಜಿನಿಯರುಗಳೂ ಭೂಗೋಳದ ವಿದ್ಯಾರ್ಥಿಗಳೂ ಅದನ್ನು ಬಲ್ಲರು. ಸಂಸಾರಸ್ಥರಿಗೆ ಅದರಿಂದೇನು ಪ್ರಯೋಜನ ಎಂದು ಕೇಳುವವರಿಗಾಗಿ ಒಂದು ಸಂಸಾರದ ಕಥೆಯನ್ನೇ ಹೇಳುತ್ತೇನೆ.

ಕಳೆದ ವರ್ಷ ಸಂಕ್ರಾಂತಿಯ ಮರುವಾರ ಮಿತ್ರರೊಬ್ಬರು ಮನೆಗೆ ಬಂದರು. ನಿವೃತ್ತರು, ಮೂವತ್ತು ವರ್ಷಕ್ಕೂ ಮಿಕ್ಕಿ ಬೆಂಗಳೂರಿನಲ್ಲಿ ನೌಕರಿ ಮಾಡಿ, ಇಲ್ಲಿಯೇ ಮನೆ ಕಟ್ಟಿಕೊಂಡವರು. ದೊಡ್ಡಬಳ್ಳಾಪುರದ ಕಡೆ ಅವರಿಗೆ ಪಿತ್ರಾರ್ಜಿತವಾದ ಮೂರು ಎಕರೆ ಹತ್ತು ಗುಂಟೆ ಜಮೀನಿದೆ. ಅದನ್ನು ಕೊಂಡು ನಿವೇಶನಗಳನ್ನಾಗಿ ಮಾಡುವವರು ಒಳ್ಳೆಯ ಬೆಲೆಯನ್ನೇ ಹೇಳಿದ್ದರು. ಮಗಳ ಮದುವೆ ನಿಶ್ಚಯವಾಗಿತ್ತು, ಹಣ ಬೇಕಾಗಿತ್ತು. ಎಲ್ಲವೂ ಕೂಡಿಬಂದಿರುವಾಗ ಅಡ್ಡ ನಿಂತವರು ಮನೆಯೊಳಗೇ ಇದ್ದ, ಎಂಬತ್ತನಾಲ್ಕು ವರ್ಷದ ಅವರ ತಾಯಿ.

"ಮೇಲಿನ ಹೊಲ ಬೇಕಾದರೆ ಮಾರಿಕೊ. ಕೆಳಗಿನ ಪಟ್ಟಿ ಮಾತ್ರ ಮಾರಬೇಡ. ಅದು ಹಾಳೂರ ಕೆರೆಯ ಕೋಡಿನೀರು ಹೋಗುವ ದಾರಿ. ನಿಮ್ಮಪ್ಪ ಒಂದು ದಿನವೂ ಅದಕ್ಕೆ ಅಡ್ಡವಾಗಿ ಬದು ಹಾಕಲಿಲ್ಲ" ಎಂದು ಆಕೆ ಪಟ್ಟು ಹಿಡಿದಿದ್ದರು.

"ಹತ್ತು ವರ್ಷದವನಿದ್ದಾಗಲೇ ಓದಲೆಂದು ಇಲ್ಲಿಗೆ ಬಂದವನು ನಾನು. ಅಲ್ಲಿ ಹನಿ ನೀರು ಹರಿದದ್ದನ್ನು ಕಂಡಿಲ್ಲ. ಹಾಳೂರು ಎಂಬ ಊರನ್ನೂ ಕಂಡಿಲ್ಲ. ಅಮ್ಮನಿಗೆ ವಯಸ್ಸಾಯಿತು, ಯಾವುದನ್ನೋ ಯಾವುದಕ್ಕೋ ಸೇರಿಸಿ ಹೇಳುತ್ತಾಳೆ" ಎಂದು ಮಿತ್ರರು ಬೇಸರಪಟ್ಟುಕೊಂಡರು.

ಅವರು ತಂದಿದ್ದ ಪಹಣಿಯನ್ನು ನೋಡಿದೆ. ಅದರಲ್ಲಿ ಒಂದು ವಿಚಿತ್ರ ಕಂಡಿತು. ಅಲ್ಲಿ ಬರೆದಿದ್ದ ಗ್ರಾಮದ ಹೆಸರು ಅವರು ಬಸ್ಸಿಳಿಯುವ ಊರಿನ ಹೆಸರಲ್ಲ. ಪಹಣಿಯ ಗ್ರಾಮಕ್ಕೆ ಮನೆಯಿಲ್ಲ, ಬೀದಿಯಿಲ್ಲ, ಮತದಾರರಿಲ್ಲ; ಕಂದಾಯದ ಲೆಕ್ಕದಲ್ಲಿ ಮಾತ್ರ ಅದು ಜೀವಂತವಾಗಿದೆ. ಇಂತಹ ಗ್ರಾಮಗಳನ್ನು ನಮ್ಮ ಕಂದಾಯ ಇಲಾಖೆಯವರು 'ಬೇಚರಾಕ್' ಎನ್ನುತ್ತಾರೆ. ಪಾರಸಿ ಭಾಷೆಯಲ್ಲಿ 'ಚಿರಾಗ್' ಎಂದರೆ ದೀಪ. 'ಬೇಚಿರಾಗ್' ಎಂದರೆ ದೀಪವಿಲ್ಲದ್ದು. ಸಂಜೆಯಾದರೆ ದೀಪ ಹಚ್ಚುವವರಿಲ್ಲದ ಊರು! ಒಣ ಲೆಕ್ಕಗಳೇ ತುಂಬಿದ ದಫ್ತರದಲ್ಲಿ ಇಷ್ಟು ಕರುಣೆಯ ಮಾತೊಂದು ಹೇಗೆ ಉಳಿದುಬಂದಿತೋ ಕಾಣೆ.

ಹಳೆಯ ನಕ್ಷೆಗಳ ಪ್ರತಿಗಳನ್ನು ಕೂಡಿಡುವ ಹುಚ್ಚು ನನಗೆ ಬಹುಕಾಲದಿಂದ ಇದೆ. "ತಾಯಿಯವರ ಮಾತು ಸರಿಯೋ ತಪ್ಪೋ ಎಂದು ನಾವು ವಾದಿಸುವುದೇಕೆ? ನಕ್ಷೆಯನ್ನೇ ಕೇಳಿ ನೋಡೋಣ" ಎಂದೆ.

ನಕ್ಷೆಯನ್ನು ಬಿಡಿಸುವ ಮೊದಲು ಅದರ ಕುಲಗೋತ್ರವನ್ನು ಹೇಳಬೇಕು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು. ಗೆದ್ದವರ ಕೈಗೆ ದೇಶವೇನೋ ಸಿಕ್ಕಿತು. ಅದರಲ್ಲಿ ಏನೇನಿದೆಯೆಂಬುದು ತಿಳಿದಿರಲಿಲ್ಲ. ಆದುದರಿಂದ ಮೈಸೂರು ಸೀಮೆಯನ್ನು ಅಳೆಯುವ ಕೆಲಸ ಒಡನೆಯೇ ಎರಡು ಕಡೆಯಿಂದ ಆರಂಭವಾಯಿತು. ಕಾಲಿನ್ ಮೆಕೆಂಜಿ ಎಂಬಾತ ತನ್ನ ತಂಡದೊಡನೆ ಊರೂರು ಅಲೆದು ಗಡಿ, ಕೋಟೆ, ಕೆರೆ, ದಾರಿಗಳನ್ನು ಗುರುತಿಸಿದನು. ಕಾವಲಿ ವೆಂಕಟ ಬೊರಯ್ಯ ಮತ್ತು ಅವನ ಸೋದರರ ನೆರವಿನಿಂದ ಶಾಸನಗಳನ್ನೂ ಊರಿನ ಕೈಫಿಯತ್ತುಗಳನ್ನೂ ಕೂಡಿಹಾಕಿದವನು ಇವನೇ. ಮುಂದೆ 1815ರಲ್ಲಿ ಇಡೀ ಭಾರತದ ಸರ್ವೇಯರ್ ಜನರಲ್ ಪದವಿಗೆ ಬಂದ ಮೊದಲಿಗನೂ ಇವನೇ. ಇನ್ನೊಂದು ಕಡೆ ವಿಲಿಯಂ ಲ್ಯಾಂಬ್ಟನ್ 1800ರ ಕೊನೆಯ ತಿಂಗಳುಗಳಲ್ಲಿ ಬೆಂಗಳೂರಿನ ಹೊರಗೆ, ಕೃಷ್ಣರಾಜಪುರ ಮತ್ತು ಅಗರಗಳ ನಡುವೆ, ನೂರು ಅಡಿಯ ಉಕ್ಕಿನ ಸರಪಳಿಯನ್ನು ಹಾಸಿ ಹಾಸಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆಯೊಂದನ್ನು ಅಳೆದನು. 1802ರಲ್ಲಿ ಮದರಾಸಿನ ಬಳಿ ಇಂತಹುದೇ ಇನ್ನೊಂದು ರೇಖೆಯನ್ನು ಅಳೆದು, ಅಲ್ಲಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನಗಳನ್ನು ಹೆಣೆಯುತ್ತ ಹೊರಟನು. ಹಿಮಾಲಯದ ಶಿಖರಗಳ ಎತ್ತರವನ್ನು ಲೆಕ್ಕ ಹಾಕಿದ್ದು ಈ ತ್ರಿಕೋನಗಳ ಸಂತತಿಯೇ.

ಆಳುವವರಿಗೆ ನಕ್ಷೆ ಬೇಕಾದದ್ದು ದಂಡು ನಡೆಸುವುದಕ್ಕೆ ಮತ್ತು ಕಂದಾಯ ಎತ್ತುವುದಕ್ಕೆ. ನಮ್ಮ ಊರುಗಳ ನೆನಪನ್ನು ಕಾಪಾಡುವುದಕ್ಕಲ್ಲ. ಆದರೂ ಕೆಲಸ ಅಚ್ಚುಕಟ್ಟಾಗಿತ್ತು. 1905ರಲ್ಲಿ ಭೂಮಾಪನ ಸಮಿತಿಯೊಂದರ ಸಲಹೆಯಂತೆ ದೇಶವನ್ನೆಲ್ಲ ಹೊಸದಾಗಿ ಅಳೆದು, ಒಂದು ಮೈಲಿಗೆ ಒಂದು ಇಂಚಿನ ಪ್ರಮಾಣದಲ್ಲಿ, ಹಲವು ಬಣ್ಣಗಳ ಹಾಳೆಗಳನ್ನು ಅಚ್ಚು ಹಾಕಲು ಆರಂಭಿಸಿದರು. ನಾನು ಹೇಳುತ್ತಿರುವ ನಕ್ಷೆ ಆ ಮಾಲೆಗೆ ಸೇರಿದುದು.

ಹಾಳೆಗಳ ಸಂಖ್ಯಾಕ್ರಮ ಅಂಚೆಯ ವಿಳಾಸವಿದ್ದಂತೆ. ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಒಂದೊಂದು ಸೀಮೆಗೆ ಒಂದು ಅಂಕಿ. ಅದರೊಳಗೆ ಹದಿನಾರು ಭಾಗಗಳಿಗೆ ಹದಿನಾರು ಇಂಗ್ಲಿಷ್ ಅಕ್ಷರಗಳು. ಅಂತಹ ಪ್ರತಿಯೊಂದು ಭಾಗದೊಳಗೆ ಮತ್ತೆ ಹದಿನಾರು ಹಾಳೆಗಳು. ಬೆಂಗಳೂರಿನ ದಕ್ಷಿಣ ಭಾಗ 57 ಎಚ್/9. ಮೈಸೂರು, ಶ್ರೀರಂಗಪಟ್ಟಣ, ಕನ್ನಂಬಾಡಿಗಳು 57 ಡಿ/11. ದೊಡ್ಡಬಳ್ಳಾಪುರವೂ ನಂದಿಬೆಟ್ಟವೂ ಒಂದೇ ಹಾಳೆಯಲ್ಲಿ ಬರುತ್ತವೆ. ಅದು 57 ಜಿ/11. ನಮ್ಮ ಕಡೆ ಒಂದು ಹಾಳೆ ಎತ್ತ ನೋಡಿದರೂ ಸುಮಾರು ಹದಿನೇಳು ಮೈಲಿ ನೆಲವನ್ನು ತೋರಿಸುತ್ತದೆ.

ಹಾಳೆಯನ್ನು ಮೇಜಿನ ಮೇಲೆ ಹರಡಿದೆ. ಮಿತ್ರರು ಕನ್ನಡಕ ಏರಿಸಿಕೊಂಡರು. ನಾನು ಭೂತಗನ್ನಡಿ ಹಿಡಿದೆ. ಬಣ್ಣಗಳ ಅರ್ಥವನ್ನು ಮೊದಲು ತಿಳಿದುಕೊಳ್ಳಬೇಕು. ಹಳದಿ ಎಂದರೆ ಸಾಗುವಳಿಯ ಭೂಮಿ. ಹಸುರು, ಕಾಡು ತೋಪು. ಕೆಂಪು, ಮನೆಗಳು ಮತ್ತು ರಸ್ತೆ. ಕಂದು ಬಣ್ಣದ ಸಣ್ಣ ಗೆರೆಗಳು ಒಂದೇ ಎತ್ತರದ ಸ್ಥಳಗಳನ್ನು ಕೂಡಿಸುವ ಸಮೋನ್ನತಿ ರೇಖೆಗಳು. ಅವು ಒತ್ತೊತ್ತಾಗಿದ್ದರೆ ಕಡಿದಾದ ಏರು, ದೂರದೂರವಿದ್ದರೆ ಬಯಲು. ನೀರಿಗೆ ನೀಲಿ. ಆದರೆ ಮಳೆಗಾಲದಲ್ಲಿ ಹರಿದು ಬೇಸಿಗೆಯಲ್ಲಿ ಒಣಗುವ ಹಳ್ಳಕ್ಕೆ ಕಪ್ಪು ಗೆರೆ. ಇದನ್ನು ತಿಳಿಯದವರು ಹಳ್ಳವನ್ನು ಕಾಲುದಾರಿಯೆಂದುಕೊಂಡು ಮೋಸಹೋಗುತ್ತಾರೆ. ಕೆರೆಯ ಏರಿಯ ಪಕ್ಕದಲ್ಲಿ ಒಂದು ಅಂಕಿ, ಅದರ ಮುಂದೆ 'ಆರ್' ಎಂಬ ಇಂಗ್ಲಿಷ್ ಅಕ್ಷರ ಕಂಡರೆ, ಏರಿ ಸುತ್ತಲಿನ ನೆಲದಿಂದ ಎಷ್ಟು ಎತ್ತರವಿದೆಯೆಂಬುದರ ಲೆಕ್ಕ ಅದು.

ಹೆಸರುಗಳನ್ನು ಓದುವುದು ಇನ್ನೊಂದು ವಿದ್ಯೆ. ದೊರೆಗಳ ಕಿವಿಗೆ ಕೇಳಿಸಿದಂತೆ, ಅವರ ಲಿಪಿಗೆ ಒಗ್ಗಿದಂತೆ ಬರೆದ ಹೆಸರುಗಳವು. ದೊಡ್ಡಬಳ್ಳಾಪುರ 'ಡಾಡ್ ಬಳ್ಳಾಪುರ್' ಆಗಿದೆ. ಬೇರೆ ಹಾಳೆಗಳಲ್ಲಿ ನಮ್ಮ ರಾಮನಗರ 'ಕ್ಲೋಸ್‌ಪೇಟೆ'. ಪಾಂಡವಪುರ 'ಫ್ರೆಂಚ್ ರಾಕ್ಸ್'. ಹೀಗಿದ್ದರೂ ಊರಿನ ಹೆಸರಿನ ಬಾಲದಲ್ಲಿ ಅದರ ಚರಿತ್ರೆ ಅಂಟಿಕೊಂಡಿರುತ್ತದೆ. 'ಕುಂಟೆ', 'ಕಟ್ಟೆ', 'ಕೆರೆ' ಎಂದು ಮುಗಿದರೆ ನೀರಿನ ಸುಳುಹು ಸ್ಪಷ್ಟ. 'ಸಂದ್ರ' ಎಂದರೆ 'ಸಮುದ್ರ'; ದೊಡ್ಡ ಕೆರೆಯನ್ನು ಕಟ್ಟಿಸಿದವರು ಅಭಿಮಾನದಿಂದ ಇಟ್ಟ ಹೆಸರು. ಬೊಮ್ಮಸಂದ್ರ, ಸಿಂಗಸಂದ್ರಗಳ ಹೆಸರನ್ನು ದಿನವೂ ಬಸ್ಸಿನ ಹಲಗೆಯ ಮೇಲೆ ಓದುವ ಎಷ್ಟು ಮಂದಿಗೆ ಅಲ್ಲೊಂದು ಸಮುದ್ರವಿರುವುದು ಹೊಳೆಯುತ್ತದೆ?

ಕಾಲು ಗಂಟೆಯ ಹುಡುಕಾಟದ ಮೇಲೆ ಪಹಣಿಯಲ್ಲಿದ್ದ ಹೆಸರು ಸಿಕ್ಕಿತು. ಕಾಗುಣಿತ ಬೇರೆ, ಊರು ಅದೇ. ಅದರ ಪಕ್ಕದಲ್ಲಿ ನಾಲ್ಕೈದು ಕೆಂಪು ಚುಕ್ಕೆಗಳು, ಒಂದು ಗುಡಿಯ ಗುರುತು, ಒಂದು ಬಾವಿ. ಅಂದರೆ ಅಳತೆಯವರು ಬಂದ ಕಾಲದಲ್ಲಿ ಅಲ್ಲಿ ಇನ್ನೂ ಕೆಲವು ದೀಪಗಳು ಉರಿಯುತ್ತಿದ್ದವು! ಊರಿನ ಮೇಲ್ಗಡೆ ಬಾಗಿದ ಏರಿಯ ಹಿಂದೆ ಒಂದು ಕೆರೆ. ಏರಿಯ ಒಂದು ತುದಿಯಿಂದ ಹೊರಟ ಕೂದಲೆಳೆಯಂತಹ ಕಪ್ಪು ಗೆರೆ ತಗ್ಗನ್ನು ಹಿಡಿದು ಇಳಿದು, ಮಿತ್ರರು ಬಸ್ಸಿಳಿಯುವ ಊರಿನ ಕೆರೆಯನ್ನು ಸೇರುತ್ತಿತ್ತು. ಅಲ್ಲಿಂದ ಹೊರಟ ಇನ್ನೊಂದು ಗೆರೆ ಮತ್ತೊಂದು ಕೆರೆಗೆ. ಅಲ್ಲಿಂದ ಮುಂದೆ ಅರ್ಕಾವತಿಗೆ. ದಾರದಲ್ಲಿ ಪೋಣಿಸಿದ ಮಣಿಗಳಂತೆ ಕೆರೆಗಳು ಒಂದರ ಕೆಳಗೊಂದು ಸಾಲಾಗಿದ್ದವು.

ಮಿತ್ರರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅಮ್ಮ ಹೇಳುತ್ತಿದ್ದ ಹಳ್ಳ ಇದೇ ಏನು?" ಎಂದು ಕೇಳಿದರು.

ಒಂದೇ ಸಾಕ್ಷಿಯಿಂದ ತೀರ್ಪು ಹೇಳುವುದು ನ್ಯಾಯವಲ್ಲ. 1970ರ ದಶಕದ ಮೆಟ್ರಿಕ್ ಮಾಲೆಯ ಹಾಳೆಯನ್ನು ತೆಗೆದೆ. ಅದರಲ್ಲಿ ಕೆಂಪು ಚುಕ್ಕೆಗಳು ಮಾಯವಾಗಿದ್ದವು. ಗುಡಿ ಮತ್ತು ಕೆರೆ ಉಳಿದಿದ್ದವು. ಹಳ್ಳದ ಗೆರೆ ನಡುದಾರಿಯಲ್ಲಿ ಮುಗಿದುಹೋಗಿತ್ತು. ಇತ್ತೀಚಿನ ಉಪಗ್ರಹಚಿತ್ರದಲ್ಲಿ ಕೆರೆಯ ಅಂಗಳದ ತುಂಬ ನೀಲಗಿರಿಯ ಮರಗಳು. ಆದರೆ ಟೋಪೋಶೀಟಿನಲ್ಲಿ ಸರ್ವೆ ನಂಬರುಗಳಿರುವುದಿಲ್ಲ. ಯಾರ ಹೊಲ ಎಲ್ಲಿಯೆಂದು ಅದು ಹೇಳಲಾರದು. ಅದಕ್ಕೆ ಗ್ರಾಮನಕ್ಷೆ ಬೇಕು. ಮೈಸೂರು ಸಂಸ್ಥಾನದಲ್ಲಿ 1863ರಿಂದ ಆರಂಭವಾದ ಕಂದಾಯ ಮೋಜಣಿಯ ಫಲ ಅದು. ಮೈಲಿಗೆ ಎಂಟು ಇಂಚು, ಎಂದರೆ ಇಂಚಿಗೆ 660 ಅಡಿಯ ಪ್ರಮಾಣದ ನಕ್ಷೆ. ಮಿತ್ರರು ಅರ್ಜಿ ಕೊಟ್ಟು ಗ್ರಾಮನಕ್ಷೆಯನ್ನೂ ತಮ್ಮ ಸರ್ವೆ ನಂಬರಿನ ಟಿಪ್ಪಣಿಯನ್ನೂ ತಂದರು. ಹಳ್ಳ ಅವರ ಕೆಳಗಿನ ಪಟ್ಟಿಯ ನಡುವೆಯೇ ಹಾದುಹೋಗಿತ್ತು. ಅದರ ಹನ್ನೊಂದು ಗುಂಟೆ 'ಬಿ' ಖರಾಬು ಎಂದು ದಾಖಲಾಗಿತ್ತು. ಹಳ್ಳ, ದಾರಿ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲಕ್ಕೆ ಆ ಹೆಸರು. ಮಾರಲು ಅದು ಮಿತ್ರರದಾಗಿಯೇ ಇರಲಿಲ್ಲ.

ಮುಂದಿನ ಭಾನುವಾರ ನಾವಿಬ್ಬರೂ ನಕ್ಷೆಯ ಪ್ರತಿಯನ್ನು ಮಡಿಸಿಕೊಂಡು ಹೊರಟೆವು. ನಕ್ಷೆಯನ್ನು ಓದಲು ಕಣ್ಣು ಸಾಲದು, ಕಾಲೂ ಬೇಕು. ಊರಿನ ಅಶ್ವತ್ಥಕಟ್ಟೆಯ ಮೇಲೆ ಕುಳಿತಿದ್ದ ತಾತನೊಬ್ಬನ ಮುಂದೆ ಹಾಳೆಯನ್ನು ಹರಡಿ, ಅದರ ಉತ್ತರವನ್ನು ನಂದಿಬೆಟ್ಟದ ಕಡೆಗೆ ಸರಿಯಾಗಿ ತಿರುಗಿಸಿದೆವು. ಆತನಿಗೆ ಇಂಗ್ಲಿಷ್ ಬಾರದು. ನಕ್ಷೆಯನ್ನು ಮುಟ್ಟಿದ್ದೂ ಅದೇ ಮೊದಲು. ಅರೆಗಳಿಗೆ ನೋಡಿ ಬೆರಳಿಟ್ಟನು.

"ಇದು ನಮ್ ಕೆರೆ. ಇದು ಹಾಳೂರ್ ಕೆರೆ. ನಡುವೆ ಇದು ಹಳ್ಳ. ಆದ್ರೆ ಸ್ವಾಮಿ, ಇಲ್ಲೊಂದು ಕುಂಟೆ ಇತ್ತು, ದನಾ ನೀರ್ ಕುಡೀತಿದ್ವು. ಬರ್ದೋನು ಬಿಟ್ಟವ್ನೆ."

ನಾವು ನಕ್ಷೆಯಿಂದ ತಾತನನ್ನು ಪರೀಕ್ಷಿಸಲು ಹೋಗಿದ್ದೆವು. ತಾತ ನಕ್ಷೆಯನ್ನೇ ತಿದ್ದಿದನು.

ಆತನ ಹಿಂದೆ ಅರ್ಧ ಮೈಲಿ ನಡೆದು ಹಾಳೂರನ್ನು ತಲುಪಿದೆವು. ಹುಣಿಸೆಯ ಮರಗಳು, ಲಂಟಾನದ ಪೊದೆಯೊಳಗೆ ಅರ್ಧ ಹೂತ ಒರಳುಕಲ್ಲು, ಧಾನ್ಯ ತುಂಬಿಡುತ್ತಿದ್ದ ಹಗೇವಿನ ಬಾಯಿ ಕುಸಿದ ಗುಂಡಿ, ಕಾಲಿಗೆ ಸಿಗುವ ಮಡಕೆಯ ಚೂರುಗಳು. ಗುಡಿಯೊಳಗೆ ಹನುಮಂತ ದೇವರು. ವರ್ಷಕ್ಕೊಮ್ಮೆ ಕೆಳಗಿನ ಊರಿನವರು ಬಂದು ಪೂಜೆ ಮಾಡಿ ದೀಪ ಹಚ್ಚಿ ಹೋಗುತ್ತಾರಂತೆ. ಸರ್ಕಾರದ ಲೆಕ್ಕದಲ್ಲಿ ದೀಪವಿಲ್ಲದ ಊರಿಗೆ ಒಂದು ದಿನದ ಮಟ್ಟಿಗೆ ದೀಪವಿದೆ.

ಊರು ಹಾಳಾದದ್ದೇಕೆ? ತಾತನ ಪ್ರಕಾರ, ಅವನ ಅಜ್ಜನ ಕಾಲದಲ್ಲಿ ಬಂದ ಪ್ಲೇಗು. ಅಲ್ಲಿಗೆ ಬಂದು ನಿಂತಿದ್ದ ಮುದುಕಿಯೊಬ್ಬಳ ಪ್ರಕಾರ, ಬಾವಿಯ ನೀರು ಉಪ್ಪಾದದ್ದು. ಮಿತ್ರರ ತಾಯಿಯ ಪ್ರಕಾರ, ದಾರಿ ತಿರುಗಿದ್ದು. ಎರಡು ನಕ್ಷೆಗಳನ್ನು ಹೋಲಿಸಿದರೆ ತಾಯಿಯ ಮಾತಿಗೂ ಆಧಾರವಿದೆ: ಹಳೆಯ ಹಾಳೆಯಲ್ಲಿ ಗಾಡಿದಾರಿ ಹಾಳೂರಿನ ಮೂಲಕ ಹೋಗುತ್ತಿತ್ತು, ಹೊಸ ಹಾಳೆಯಲ್ಲಿ ಜಲ್ಲಿ ಹಾಕಿದ ರಸ್ತೆ ಕೆಳಗಿನ ಊರಿಗೆ ಬಂದಿದೆ. ಮೈಸೂರು ಸೀಮೆಯಲ್ಲಿ ಊರುಗಳು ಹಾಳಾಗಲು ಕಾರಣಗಳಿಗೆ ಬಡತನವಿರಲಿಲ್ಲ. ಧಾತು ಸಂವತ್ಸರದಲ್ಲಿ ಆರಂಭವಾದ 1876-78ರ ಬರವೊಂದೇ ಸಾಲದೆ? 1871ರ ಜನಗಣತಿಯಲ್ಲಿ ಐವತ್ತು ಲಕ್ಷಕ್ಕೂ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷವನ್ನೂ ಮುಟ್ಟಲಿಲ್ಲ. 1898ರಲ್ಲಿ ಪ್ಲೇಗು ಬಂದಿತು, 1918ರಲ್ಲಿ ವಿಷಮ ಶೀತಜ್ವರ. ಈ ಊರಿಗೆ ಬಡಿದದ್ದು ಯಾವುದು? ನಕ್ಷೆ ಬಾಯಿ ಬಿಡುವುದಿಲ್ಲ. ಹೇಳಿದವರೆಲ್ಲರ ಮಾತೂ ಸ್ವಲ್ಪ ಸ್ವಲ್ಪ ನಿಜವಿದ್ದೀತು.

ಕೆರೆಯ ಬಳಿಗೆ ಹೋದೆವು. ಏರಿ ಒಂದು ಕಡೆ ಒಡೆದಿತ್ತು. ತೂಬಿನ ಕಲ್ಲುಕಂಬಗಳು ಮಾತ್ರ ನೆಟ್ಟಗೆ ನಿಂತಿದ್ದವು. ತಾತ ಕೋಡಿಯ ಕಲ್ಲಿನ ಮೇಲೆ ಕುಳಿತು ಹೇಳಿದನು: "ಇದು ನಮ್ಮೂರ ಕೆರೆಯಲ್ಲ ಅಂತ ಯಾರೂ ಹೂಳು ತೆಗೀಲಿಲ್ಲ. ಹಾಳೂರಲ್ಲಿ ಕೇಳೋರಿಲ್ಲ. ಆದ್ರೆ ಇದು ತುಂಬಿ ಕೋಡಿ ಬಿದ್ರೇನೇ ನಮ್ ಕೆರೆಗೆ ನೀರು. ಇದು ಹೋಯ್ತು, ನಮ್ದೂ ಹೋಯ್ತು."

ಇಷ್ಟು ಸರಳವಾದ ಮಾತನ್ನು ಅರ್ಥಮಾಡಿಕೊಳ್ಳಲು ನಮಗೆ ಅಷ್ಟು ದೂರ ನಡೆಯಬೇಕಾಯಿತು. ಊರು ಸತ್ತರೂ ಅದರ ಕೆರೆ ಕೆಳಗಿನ ಊರನ್ನು ಸಾಕುತ್ತಿತ್ತು. ಪಹಣಿ, ಟಿಪ್ಪಣಿಗಳು ಒಂದೊಂದು ಸರ್ವೆ ನಂಬರನ್ನೂ ಬಿಡಿಬಿಡಿಯಾಗಿ ತೋರಿಸುತ್ತವೆ; ನಮ್ಮ ಹೊಲ, ನಿಮ್ಮ ಹೊಲ, ಅವರ ಊರು, ಇವರ ಊರು. ನೀರಿಗೆ ಆ ಬೇಲಿಗಳ ಗೊಡವೆಯಿಲ್ಲ. ಹಳೆಯ ಟೋಪೋಶೀಟಿನ ಹೆಚ್ಚುಗಾರಿಕೆ ಇಲ್ಲಿಯೇ ಇದೆ: ಬೇಲಿಗಳನ್ನು ಬಿಟ್ಟು ಅದು ನೀರಿನ ನಡೆಯನ್ನು ಇಡಿಯಾಗಿ ತೋರಿಸುತ್ತದೆ.

ಒಂದು ಹಳ್ಳ ಮುಚ್ಚಿದರೆ ಬೆಂಗಳೂರಿನಲ್ಲಿರುವ ನಮಗೇನು ಎಂದು ವಾಚಕರು ಕೇಳಬಹುದು. 57 ಜಿ/11ರ ನೈಋತ್ಯಕ್ಕೆ ತಾಗಿರುವ 57 ಜಿ/8ನೆಯ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿ. ಅಲ್ಲಿದೆ ಹೆಸರಘಟ್ಟ. ನಂದಿಬೆಟ್ಟದಲ್ಲಿ ಹುಟ್ಟಿದ ಅರ್ಕಾವತಿಗೆ 1894ರಲ್ಲಿ ಅಲ್ಲಿ ಜಲಾಶಯ ನಿರ್ಮಿಸಿ, 1896ರಲ್ಲಿ ಬೆಂಗಳೂರಿಗೆ ಮೊಟ್ಟಮೊದಲು ಕೊಳಾಯಿಯ ನೀರನ್ನು ತಂದರು. ಅದು ಸಾಲದೆ ಬಂದಾಗ 1933ರಲ್ಲಿ ಅದೇ ನದಿಗೆ ತಿಪ್ಪಗೊಂಡನಹಳ್ಳಿಯಲ್ಲಿ ಇನ್ನೊಂದು ಜಲಾಶಯವಾಯಿತು. ನಮ್ಮ ಅಜ್ಜಂದಿರು ಕುಡಿದು ಬೆಳೆದ ನೀರು ಇಂತಹ ನೂರಾರು ಕೆರೆಗಳ ಕೋಡಿಯಿಂದ ಇಳಿದು ಬಂದ ನೀರು. ಕೆರೆಯಂಗಳ, ಕಾಲುವೆಗಳ ಒತ್ತುವರಿ, ಸಾವಿರ ಅಡಿಗೆ ಇಳಿದ ಕೊಳವೆಬಾವಿಗಳು, ನೆಲದ ತೇವವನ್ನು ಹೀರುವ ನೀಲಗಿರಿ ತೋಪುಗಳು, ಹೀಗೆ ಹಲವು ಕಾರಣಗಳು ಕೂಡಿ ಆ ನದಿ ಸೊರಗಿತು. ಟಿಪ್ಪುವಿನ ಕಾಲದಲ್ಲಿ, 1790ರ ಸುಮಾರಿಗೆ, ನೀಲಗಿರಿಯ ಮರ ಮೊದಲು ನಮ್ಮ ದೇಶಕ್ಕೆ ಬಂದದ್ದು ಇದೇ ನಂದಿಬೆಟ್ಟಕ್ಕೆ ಎಂಬುದು ವಿಧಿಯ ವಿನೋದ. 1974ರಿಂದ ನಾವು ನೂರು ಕಿಲೋಮೀಟರ್ ದೂರದ ಕಾವೇರಿಯನ್ನು ಸುಮಾರು ಅರ್ಧ ಕಿಲೋಮೀಟರ್ ಮೇಲಕ್ಕೆ ಎತ್ತಿ ತಂದು ಕುಡಿಯುತ್ತಿದ್ದೇವೆ.

ಹಾಗೆಂದು ಹಳೆಯ ನಕ್ಷೆ ವೇದವಾಕ್ಯವಲ್ಲ. ಅಳತೆಯ ತಂಡಗಳು ಸಾಮಾನ್ಯವಾಗಿ ಹೊರಡುತ್ತಿದ್ದುದು ಮಳೆಗಾಲ ಕಳೆದ ಮೇಲೆ. ಬೇಸಿಗೆಯಲ್ಲಿ ಬಂದವರಿಗೆ ತುಂಬುವ ಕೆರೆಯೂ ಬರಿದಾಗಿ ಕಂಡಿರಬಹುದು. ಸಣ್ಣ ಕುಂಟೆ, ಚಿಲುಮೆಗಳು ಮೈಲಿಗೆ ಒಂದು ಇಂಚಿನಲ್ಲಿ ಬಿಟ್ಟುಹೋಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಊರೆಂದರೆ ಅಲ್ಲಿ ಕೆಲವು ಕೆಂಪು ಚುಕ್ಕೆಗಳು ಮಾತ್ರ. ಆ ಊರಿನ ಬಾವಿಯಲ್ಲಿ ಯಾರು ಕೊಡ ಇಳಿಸುತ್ತಿದ್ದರು, ಯಾರು ದೂರದಲ್ಲಿ ನಿಂತು ಕಾಯಬೇಕಾಗಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಕೇಳಿಯೇ ತಿಳಿಯಬೇಕು. ವ್ಯಾಜ್ಯ ಬಂದರೆ ಟೋಪೋಶೀಟು ಸುಳುಹು ಕೊಟ್ಟೀತು. ಹಕ್ಕನ್ನು ನಿರ್ಣಯಿಸಲು ಗ್ರಾಮನಕ್ಷೆ, ಟಿಪ್ಪಣಿ, ಆಕಾರ್‌ಬಂದ್‌ಗಳೇ ಬೇಕು.

ವಾಚಕರಲ್ಲಿ ಯಾರಿಗಾದರೂ ತಮ್ಮ ಊರನ್ನು ಹೀಗೆ ಹುಡುಕುವ ಮನಸ್ಸಾದರೆ ದಾರಿ ಕಠಿಣವಲ್ಲ. ಊರಿನ ಅಕ್ಷಾಂಶ ರೇಖಾಂಶಗಳಿಂದ ಹಾಳೆಯ ಸಂಖ್ಯೆಯನ್ನು ಗೊತ್ತುಮಾಡಿಕೊಳ್ಳಿ. ಇಂದಿನ 1:50,000 ಪ್ರಮಾಣದ ನಕ್ಷೆಗಳು, 2005ರ ರಾಷ್ಟ್ರೀಯ ನಕ್ಷಾ ನೀತಿಯ ಮೇಲೆ, ಸರ್ವೆ ಆಫ್ ಇಂಡಿಯಾದಿಂದ ಸಾರ್ವಜನಿಕರಿಗೂ ದೊರೆಯುತ್ತವೆ. ಅಮೆರಿಕದ ಸೈನ್ಯ 1950ರ ದಶಕದಲ್ಲಿ ಅಚ್ಚು ಹಾಕಿದ, ಸುಮಾರು ನಾಲ್ಕು ಮೈಲಿಗೆ ಒಂದು ಇಂಚಿನ ಭಾರತದ ನಕ್ಷೆಗಳನ್ನು ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ರಂಥಭಂಡಾರ ಅಂತರ್ಜಾಲದಲ್ಲಿಟ್ಟಿದೆ. ಮನೆಯಲ್ಲಿ ಕುಳಿತೇ ನೋಡಬಹುದು. ಜೊತೆಗೆ ರೈಸರ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ನಿಮ್ಮ ಜಿಲ್ಲೆಯ ಸಂಪುಟವನ್ನು ತಿರುವಿಹಾಕಿ. ಬೆಂಗಳೂರು ಜಿಲ್ಲೆಯದು 1905ರಲ್ಲಿ ಹೊರಬಂದ ಒಂಬತ್ತನೆಯ ಸಂಪುಟ. ನಕ್ಷೆಯಲ್ಲಿ ಕಂಡ ಕೆರೆಯನ್ನು ಕಟ್ಟಿಸಿದವರ ಹೆಸರು ಅಲ್ಲಿನ ಒಂದು ಶಾಸನದಲ್ಲಿ ಸಿಕ್ಕಿದರೂ ಸಿಕ್ಕೀತು. ಆಮೇಲೆ ಮಕ್ಕಳ ಕೈಗೆ ಟ್ರೇಸಿಂಗ್ ಕಾಗದ ಕೊಟ್ಟು ಕೆರೆಗಳನ್ನೂ ಹಳ್ಳಗಳನ್ನೂ ಮಾತ್ರ ತೆಗೆಯಲು ಹೇಳಿ. ನೀರು ಇಳಿಯುವ ದಿಕ್ಕಿಗೆ ಬಾಣದ ಗುರುತು ಹಾಕಿಸಿ. ರಜೆಯಲ್ಲಿ ಒಂದು ದಿನ ಆ ಕಾಗದವನ್ನು ಹಿಡಿದು ಊರಿಗೆ ಹೋಗಿ. ನಿವೇಶನ ಕೊಳ್ಳುವವರಂತೂ ಮುಂಗಡ ಕೊಡುವ ಮುನ್ನ ಇಷ್ಟನ್ನು ಮಾಡಿದರೆ, ಮಳೆಗಾಲದ ರಾತ್ರಿ ನಡುಮನೆಗೆ ನೀರು ನುಗ್ಗಿತೆಂದು ಗೋಳಾಡುವುದು ತಪ್ಪೀತು.

ಮಿತ್ರರ ಕಥೆಯನ್ನು ಮುಗಿಸುತ್ತೇನೆ. ಅಂದು ಸಂಜೆ ಅವರ ಮನೆಯಲ್ಲಿ ತಾಯಿಯ ಮುಂದೆ ನಕ್ಷೆಯನ್ನು ಹಾಸಿದೆವು. ಆಕೆಗೆ ಕಣ್ಣು ಮಂಜು. ಮಗ ಆಕೆಯ ಬೆರಳನ್ನು ಹಿಡಿದು ಹಾಳೂರ ಕೆರೆಯಿಂದ ಗೆರೆಯ ಮೇಲೆ ಮೆಲ್ಲಗೆ ಇಳಿಸಿದರು. "ಇಲ್ಲಿ ಬಂಡೆ ಸುತ್ತಿ ಬರುತ್ತೆ, ಅಲ್ಲವೇನೋ? ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಬಟ್ಟೆ ಒಗೀತಿದ್ದೆವು" ಎಂದರು ಆಕೆ. ನಕ್ಷೆಯಲ್ಲಿ ಬಂಡೆಯ ಗುರುತಿಲ್ಲ. ಗೆರೆ ಮಾತ್ರ ಅಲ್ಲಿ ಬಾಗಿತ್ತು.

ಮಿತ್ರರು ಮೇಲಿನ ಹೊಲವನ್ನಷ್ಟೇ ಮಾರಿದರು. ಖರಾಬಿನ ಹನ್ನೊಂದು ಗುಂಟೆಯನ್ನು ಸರ್ಕಾರಿ ಸರ್ವೆಯರಿಂದ ಅಳೆಸಿ ಕಲ್ಲು ನೆಡಿಸಿದರು. ಅದರ ಎರಡು ದಡದ ತಮ್ಮ ನೆಲವನ್ನೂ ಹಾಗೆಯೇ ಉಳಿಸಿಕೊಂಡರು. ಕೊಳ್ಳುವವರು ಬೆಲೆಯನ್ನು ಇಳಿಸಿದರು. ಮದುವೆಗೆ ಸ್ವಲ್ಪ ಸಾಲವಾಯಿತು. ಮಾಡಿದ್ದು ಜಾಣತನವೋ ದಡ್ಡತನವೋ ಎಂಬ ಚರ್ಚೆ ಅವರ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಹಾಳೂರ ಕೆರೆಯ ಏರಿಯೂ ಇನ್ನೂ ಒಡೆದೇ ಇದೆ. ಆದರೆ ಎಂದಾದರೊಂದು ದಿನ ಅದನ್ನು ಸರಿಪಡಿಸುವವರು ಬಂದರೆ, ನೀರು ಇಳಿಯಲು ದಾರಿಯೊಂದು ಉಳಿದಿದೆ.

ತಾತ ಹೇಳಿದ ಕುಂಟೆಯನ್ನೂ ತಾಯಿ ಹೇಳಿದ ಬಂಡೆಯನ್ನೂ ನನ್ನ ಪ್ರತಿಯಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಟ್ಟಿದ್ದೇನೆ. ನಿಮ್ಮ ಮನೆಯಲ್ಲಿಯೂ ಊರು ಬಿಟ್ಟು ಬಂದ ಹಿರಿಯರಿದ್ದರೆ, ಹಾಳೆಯನ್ನು ಬೇಗ ಬಿಡಿಸಿ. ನಕ್ಷೆ ಇನ್ನೂ ನೂರು ವರ್ಷ ಕಾಯಬಲ್ಲುದು, ಅವರು ಕಾಯಲಾರರು.